ಹೊರನಾಡಿನ ವ್ಯಾಸಂಗ: ಕಾರಣವನ್ನು ಮೊದಲು ಮನೆಯಲ್ಲಿ ಹೇಳಲಿ

ವಿದೇಶದ ವಿಶ್ವವಿದ್ಯಾಲಯಕ್ಕೆ ಸೇರಬಯಸುವ ವಿದ್ಯಾರ್ಥಿಯ ಮುಂದೆ ಅರ್ಜಿಯೊಡನೆ ಒಂದು ಪ್ರಶ್ನೆಯೂ ಬಂದು ನಿಲ್ಲುತ್ತದೆ. ನೀವು ನಮ್ಮ ಸಂಸ್ಥೆಯಲ್ಲಿಯೇ ಏಕೆ ಓದಬಯಸುತ್ತೀರಿ ಎಂಬುದೇ ಆ ಪ್ರಶ್ನೆ. ಒಂದೆರಡು ಪುಟಗಳಲ್ಲಿ ಇದಕ್ಕೆ ಉತ್ತರ ಬರೆದು ಕಳುಹಿಸಬೇಕು. ಸ್ಟೇಟ್‌ಮೆಂಟ್ ಆಫ್ ಪರ್ಪಸ್ ಎಂದು ಇದನ್ನು ಕರೆಯುತ್ತಾರೆ. ಉದ್ದೇಶ ನಿವೇದನೆ ಎಂದು ನಾವು ಕರೆಯಬಹುದು. ಅರ್ಜಿಯ ಉಳಿದ ಕಾಗದಗಳೆಲ್ಲ ವಿದ್ಯಾರ್ಥಿಯ ಅಂಕಗಳನ್ನು ಹೇಳಿದರೆ, ಈ ಒಂದು ಕಾಗದ ಅವನ ಮನಸ್ಸನ್ನು ಹೇಳಬೇಕು. ಆದರೆ ಆಗುತ್ತಿರುವುದೇನು? ಹಣ ತೆತ್ತರೆ ಬರೆದುಕೊಡುವವರು ನಗರಗಳಲ್ಲಿದ್ದಾರೆ. ಹೆಸರು, ಊರು, ವಿಷಯ ಬದಲಿಸಿದರೆ ಒಂದೇ ಬರಹ ಹತ್ತು ಮಂದಿಗೆ ಸಲ್ಲುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಮನೆಗಳಲ್ಲಿಯೂ ಹೊರನಾಡಿನ ವ್ಯಾಸಂಗದ ಮಾತು ಇಂದು ಅಪರೂಪವೇನಲ್ಲ. 2024ರಲ್ಲಿ ಹೊರದೇಶಗಳಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 13 ಲಕ್ಷವನ್ನು ಮೀರಿತ್ತು. ಅಮೆರಿಕದಲ್ಲಿಯೇ 2024-25ನೆಯ ಶೈಕ್ಷಣಿಕ ವರ್ಷದಲ್ಲಿ 3,63,019 ಮಂದಿ ಇದ್ದರು. ಇಷ್ಟು ದೊಡ್ಡ ಪ್ರವಾಹದಲ್ಲಿ ನಮ್ಮ ಮಕ್ಕಳೂ ಇರುವುದು ಸಹಜ. ಅವರು ಹೋಗಬಾರದೆಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಹೋಗುವ ಕಾರಣವನ್ನು ಯಾರು ಹೇಳಬೇಕು, ಯಾರ ಮುಂದೆ ಹೇಳಬೇಕು, ಯಾವ ಭಾಷೆಯಲ್ಲಿ ಹೇಳಬೇಕು ಎಂಬುದಷ್ಟೇ ಇಲ್ಲಿನ ವಿಚಾರ.

ಸಾಲದ ಪತ್ರಕ್ಕೆ ಸಹಿ ಹಾಕುವವರು ತಾಯಿತಂದೆಗಳು. ಮನೆಪತ್ರವನ್ನು ಬ್ಯಾಂಕಿನಲ್ಲಿ ಇಡುವವರೂ ಅವರೇ. ಮಗನೋ ಮಗಳೋ ಏಕೆ ಹೋಗುತ್ತಿದ್ದಾರೆಂಬ ಕಾರಣ ಮಾತ್ರ ಅವರು ಓದಲಾಗದ ಇಂಗ್ಲಿಷಿನಲ್ಲಿ, ಅವರು ಕಾಣದ ಒಬ್ಬನ ಕೈಯಲ್ಲಿ ಬರೆಯಲ್ಪಟ್ಟು, ಅವರು ಕಾಣದ ಇನ್ನೊಬ್ಬನಿಗೆ ತಲುಪುತ್ತದೆ. ಇದು ತಲೆಕೆಳಗಾದ ಕ್ರಮ. ಮನೆಯಲ್ಲಿ, ಕನ್ನಡದಲ್ಲಿ, ಸಹಿ ಹಾಕುವವರ ಮುಖ ನೋಡಿ ಹೇಳಲಾಗದ ಕಾರಣ ಇನ್ನೂ ಪಕ್ವವಾಗಿಲ್ಲವೆಂದೇ ತಿಳಿಯಬೇಕು.

ಹೊಸದಲ್ಲದ ಹಂಬಲ

ಕಲಿಯುವುದಕ್ಕಾಗಿ ಹಾಗೂ ಕಲಿತದ್ದನ್ನು ಹಂಚುವುದಕ್ಕಾಗಿ ದೂರ ಪಯಣಿಸುವುದು ನಮ್ಮ ಸೀಮೆಗೆ ಹೊಸತಲ್ಲ. ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಾಮಿ 17ನೆಯ ಶತಮಾನದ ನಡುಭಾಗದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತರು; ಕನ್ನಡಕ್ಕೆ ವ್ಯಾಕರಣವನ್ನೂ ನಿಘಂಟನ್ನೂ ಸಿದ್ಧಪಡಿಸಿದರು. ಫ್ರಾನ್ಸಿನ ಅಬ್ಬೆ ದುಬೊಯ್ 1799ರ ಬಳಿಕ ಇದೇ ಊರಿನ ಸುತ್ತಮುತ್ತ ನೆಲೆಸಿ, ಇಲ್ಲಿಯ ಉಡುಪು ತೊಟ್ಟು, ಇಲ್ಲಿಯ ನುಡಿಯಾಡಿ, ಜನರ ಬಾಯಲ್ಲಿ ದೊಡ್ಡಸ್ವಾಮಿಯವರಾದರು. ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಸಿಡುಬಿನ ಲಸಿಕೆಯ ವಿಚಾರವನ್ನು ಪ್ರಕಟಿಸಿದ್ದು 1798ರಲ್ಲಿ. 1803-04ರ ಹೊತ್ತಿಗೆ ದುಬೊಯ್ ಅವರ ಪ್ರಯತ್ನದಿಂದ ಮೈಸೂರು ಸೀಮೆಯ 25,000ಕ್ಕೂ ಹೆಚ್ಚು ಜನರಿಗೆ ಆ ಲಸಿಕೆ ದೊರೆತಿತ್ತು. ಹಡಗಿನ ಪಯಣಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲದಲ್ಲಿ ಆರು ವರ್ಷದೊಳಗೆ ಒಂದು ವಿದ್ಯೆ ಅಷ್ಟು ದೂರದಿಂದ ನಮ್ಮ ಹಳ್ಳಿಗಳ ಮಕ್ಕಳ ತೋಳಿಗೆ ತಲುಪಿತು. ವಿದ್ಯೆ ಗಡಿ ದಾಟುವುದರಿಂದ ಆಗುವ ಉಪಕಾರಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಪಾಂಡವಪುರವನ್ನು ಹಿಂದೆ ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದುದನ್ನು ಹಿರಿಯರು ಬಲ್ಲರು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆಗಳು ಅಲ್ಲಿ ಬೀಡುಬಿಟ್ಟಿದ್ದುದರ ನೆನಪು ಆ ಹೆಸರಿನಲ್ಲಿತ್ತು. ಇನ್ನು ಕಬ್ಬಿನ ಮಾತು. ಕೆನಡಾದಲ್ಲಿ ಹುಟ್ಟಿ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾ. ಲೆಸ್ಲಿ ಕೋಲ್ಮನ್ ಇಲ್ಲಿಯ ಬೆಳೆಗಳ ರೋಗಗಳನ್ನು ಅಭ್ಯಸಿಸಿ, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾಗಿ, 1930ರ ದಶಕದಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ತಲೆಯೆತ್ತಲು ಕಾರಣರಾದವರಲ್ಲಿ ಪ್ರಮುಖರಾದರು. ಕನ್ನಂಬಾಡಿ ಕಟ್ಟೆಯ ನೀರನ್ನು ನಾಲೆಗೆ ಹರಿಸಿದ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಬಂದವರು. ಪದವಿ ಪಡೆಯಲು ಅವರು ಹೋಗಲಿಲ್ಲ. ಚಿಕ್ಕದೊಂದು ದೇಶ ಶಿಕ್ಷಣದಿಂದಲೂ ಕೈಗಾರಿಕೆಯಿಂದಲೂ ಮೇಲೆ ಬಂದದ್ದು ಹೇಗೆಂದು ನೋಡಲು ಹೋದರು. ಅವರು ದಿವಾನರಾಗಿದ್ದಾಗಲೇ, 1916ರಲ್ಲಿ, ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಅದಕ್ಕೂ ಮುನ್ನ ನಮ್ಮ ಸಂಸ್ಥಾನದ ಕಾಲೇಜುಗಳಿಗೆ ಪದವಿ ಕೊಡುತ್ತಿದ್ದುದು ಮದ್ರಾಸು ವಿಶ್ವವಿದ್ಯಾಲಯ.

ನೆರೆಯ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಅವರು ಅಮೆರಿಕದ ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿಯೂ ಫುಲ್‌ಬ್ರೈಟ್ ವಿದ್ಯಾರ್ಥಿವೇತನದೊಡನೆ ವಾಷಿಂಗ್ಟನ್ನಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿಯೂ ಓದಿದರು. ಹಿಂದಿರುಗಿ ಕಾನೂನು ಬೋಧಿಸಿದರು, 1962ರಲ್ಲಿ ಮದ್ದೂರಿನಿಂದ ವಿಧಾನಸಭೆಗೆ ಆಯ್ಕೆಯಾದರು. ಮುಂದೆ ಮುಖ್ಯಮಂತ್ರಿಯೂ ದೇಶದ ವಿದೇಶಾಂಗ ಸಚಿವರೂ ಆದರು. ಇನ್ನೊಂದು ಬಗೆಯ ಹಿರಿಯರೂ ನಮ್ಮಲ್ಲಿದ್ದಾರೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಿ.ಎಂ. ಶ್ರೀಕಂಠಯ್ಯನವರು ತಮ್ಮ ‘ಇಂಗ್ಲಿಷ್ ಗೀತಗಳು’ ಕೃತಿಯ ಮೂಲಕ ಕನ್ನಡ ಕಾವ್ಯಕ್ಕೆ ಹೊಸ ದಾರಿ ತೋರಿದರು. ಇಂಗ್ಲಿಷ್ ಕಾವ್ಯವನ್ನು ಅವರು ವಶಮಾಡಿಕೊಂಡದ್ದು ಈ ನೆಲದ ಕಾಲೇಜುಗಳಲ್ಲಿ. ಹೋಗಿ ತಂದವರೂ ಇದ್ದಾರೆ, ಹೋಗದೆ ತಂದವರೂ ಇದ್ದಾರೆ. ಹುಡುಕುವ ವಸ್ತು ಏನೆಂಬುದು ಮಾತ್ರ ಇಬ್ಬರಿಗೂ ತಿಳಿದಿತ್ತು.

ಕಾರಣಗಳನ್ನು ಜರಡಿ ಹಿಡಿದರೆ

ನಮ್ಮ ಮಕ್ಕಳು ಹೇಳುವ, ಹಲವೊಮ್ಮೆ ಹೇಳದೆ ಉಳಿಸಿಕೊಳ್ಳುವ ಕಾರಣಗಳನ್ನು ಜರಡಿ ಹಿಡಿದರೆ ನಾಲ್ಕೈದು ಉಳಿಯುತ್ತವೆ.

ಮೊದಲನೆಯದು ವಿಷಯ. ತಾನು ಕಲಿಯಬೇಕೆಂದಿರುವ ಶಾಸ್ತ್ರ, ಅದರ ಪ್ರಯೋಗಾಲಯ, ಅದನ್ನು ಬಲ್ಲ ಅಧ್ಯಾಪಕ ಇಲ್ಲಿಲ್ಲ, ಅಲ್ಲಿದ್ದಾನೆ ಎಂಬುದು. ಎಲ್ಲಕ್ಕಿಂತ ಗಟ್ಟಿಯಾದ ಕಾರಣ ಇದೇ. ಒಮ್ಮೊಮ್ಮೆ ನಮ್ಮದೇ ವಸ್ತುವನ್ನು ಕಾಣಲೂ ಹೊರಗೆ ಹೋಗಬೇಕಾಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಗ್ರಂಥಭಂಡಾರದ ಬಹುಭಾಗ ಊರು ಬಿಟ್ಟು ಹೋಯಿತು. ಅವನು ತನ್ನ ಕೈಯಾರೆ ಪಾರಸಿಯಲ್ಲಿ ಬರೆದಿಟ್ಟ ಕನಸುಗಳ ಹೊತ್ತಗೆ ಇಂದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗಂಜಾಮಿನ ಹುಡುಗಿಯೊಬ್ಬಳು ಪಾರಸಿ ಕಲಿತು, ತನ್ನ ಊರಿನ ಚರಿತ್ರೆಯನ್ನು ಮೂಲದಲ್ಲಿ ಓದಲು ಲಂಡನ್ನಿಗೆ ಹೋಗಬೇಕೆಂದರೆ ಅವಳನ್ನು ತಡೆಯುವವರಾರು? ಆದರೆ ಇಂಥ ಕಾರಣ ಹೇಳುವವರು ವಿಷಯದ ಹೆಸರಿನ ಜೊತೆಗೆ ಅಧ್ಯಾಪಕರ ಹೆಸರನ್ನೂ ಅವರು ಮಾಡಿರುವ ಕೆಲಸವನ್ನೂ ಹೇಳಬಲ್ಲವರಾಗಿರಬೇಕು. ದೇಶದ ಹೆಸರು ಮೊದಲು, ವಿಷಯ ಆಮೇಲೆ ಎಂಬುದಾದರೆ ಅದು ಈ ಕಾರಣವಲ್ಲ.

ಎರಡನೆಯದು ಇಲ್ಲಿ ಸೀಟು ಸಿಗದಿರುವುದು. ವೈದ್ಯ ಶಿಕ್ಷಣದಲ್ಲಿ ಇದು ಕಣ್ಣಿಗೆ ರಾಚುವ ಸತ್ಯ. 2024ರಲ್ಲಿ ನೀಟ್ ಪರೀಕ್ಷೆ ಬರೆದವರು 23 ಲಕ್ಷಕ್ಕೂ ಹೆಚ್ಚು, ದೇಶದ ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕೆ ತುಸು ಮೇಲೆ. ಸರ್ಕಾರಿ ಸೀಟು ತಪ್ಪಿದ ಸಾಧಾರಣ ಕುಟುಂಬಕ್ಕೆ ಖಾಸಗಿ ಕಾಲೇಜಿನ ಶುಲ್ಕ ಎಟುಕದು. ಆಗ ಉಕ್ರೇನ್, ರಷ್ಯಾ, ಜಾರ್ಜಿಯಾಗಳ ಹೆಸರು ಮನೆಯೊಳಗೆ ಬರುತ್ತದೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ, ಆಹಾರ ತರಲು ಹೊರಗೆ ಬಂದಿದ್ದ ಹಾವೇರಿ ಜಿಲ್ಲೆಯ ಚಳಗೇರಿಯ ವೈದ್ಯ ವಿದ್ಯಾರ್ಥಿ ದಾಳಿಗೆ ಬಲಿಯಾದುದನ್ನು ಕನ್ನಡನಾಡು ಮರೆತಿಲ್ಲ. ಪಿಯುಸಿಯಲ್ಲಿ ಶೇಕಡಾ 97 ಅಂಕ ಪಡೆದಿದ್ದ ಹುಡುಗ ಅವನು. ಮೂರು ವಾರಗಳ ನಂತರ ಊರಿಗೆ ಬಂದ ಅವನ ದೇಹವನ್ನು ಹೆತ್ತವರು ವೈದ್ಯ ವಿದ್ಯಾರ್ಥಿಗಳ ಅಭ್ಯಾಸಕ್ಕೆ ದಾನ ಮಾಡಿದರು. ಈ ಕಾರಣಕ್ಕೆ ಹೊರಡುವ ಮಕ್ಕಳನ್ನು ವ್ಯಾಮೋಹಿಗಳೆಂದು ಜರೆಯುವುದು ಅನ್ಯಾಯ. ಅವರನ್ನು ಹೊರಗೆ ತಳ್ಳುತ್ತಿರುವುದು ನಮ್ಮದೇ ವ್ಯವಸ್ಥೆ.

ಹಾಗೆಂದು ವಿಚಾರಿಸದೆ ಹೊರಡುವುದೂ ಸಲ್ಲದು. 2021ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊರಡಿಸಿದ ನಿಯಮಗಳ ಪ್ರಕಾರ ಹೊರದೇಶದ ವೈದ್ಯ ಶಿಕ್ಷಣ ಕನಿಷ್ಠ 54 ತಿಂಗಳಿನದಾಗಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಷಿಪ್ ಆಗಬೇಕು. ಭಾರತಕ್ಕೆ ಬಂದ ಮೇಲೆ ಪರವಾನಗಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಮತ್ತೆ 12 ತಿಂಗಳ ಇಂಟರ್ನ್‌ಷಿಪ್ ಮುಗಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಕೈಗೆ ಬಂದ ಪದವಿ ಇಲ್ಲಿ ವೃತ್ತಿಗೆ ಒದಗುವುದಿಲ್ಲ.

ಮೂರನೆಯದು ಸಂಪಾದನೆ. ಇದನ್ನು ಬಾಯಿಬಿಟ್ಟು ಹೇಳಲು ನಮ್ಮ ಮಕ್ಕಳು ನಾಚುತ್ತಾರೆ, ನಾಚಬೇಕಾಗಿಲ್ಲ. ಮಳೆಯನ್ನೇ ನಂಬಿದ ನಾಗಮಂಗಲದ ಹೊಲದಿಂದ, ಕಬ್ಬಿನ ಹಣಕ್ಕೆ ಕಾಯುವ ಪಾಂಡವಪುರದ ಗದ್ದೆಯಿಂದ ಬಂದವನು ಹೆಚ್ಚು ದುಡಿಯುವ ಹಂಬಲ ಇಟ್ಟುಕೊಂಡರೆ ಅದು ತಪ್ಪಲ್ಲ. ಆದರೆ ದುಡಿಮೆಯೇ ಗುರಿಯಾದರೆ ದಾರಿಯನ್ನೂ ಅದಕ್ಕೆ ತಕ್ಕಂತೆ ಆರಿಸಬೇಕು. ಜರ್ಮನಿಯಲ್ಲಿ ಆಸ್‌ಬಿಲ್ಡುಂಗ್ ಎಂಬ ವೃತ್ತಿಶಿಕ್ಷಣ ಪದ್ಧತಿಯಿದೆ. ಶುಶ್ರೂಷೆಯ ತರಬೇತಿ ಅಲ್ಲಿ ಮೂರು ವರ್ಷ. ಕಲಿಯುವ ಕಾಲದಲ್ಲಿಯೇ ತಿಂಗಳ ಭತ್ಯೆ ದೊರೆಯುತ್ತದೆ. ಹೋಗುವ ಮುನ್ನ ಜರ್ಮನ್ ಭಾಷೆಯನ್ನು ಚೆನ್ನಾಗಿ ಕಲಿತಿರಬೇಕು. ನರ್ಸಿಂಗ್ ವೃತ್ತಿಯನ್ನು ಗೌರವದಿಂದ ಆರಿಸಿಕೊಳ್ಳುವ ನಮ್ಮ ಸಮುದಾಯದ ಹೆಣ್ಣುಮಕ್ಕಳು, ದೊಡ್ಡ ಸಾಲ ಮಾಡಿ ತಮಗೆ ಬೇಡದ ಸ್ನಾತಕೋತ್ತರ ಪದವಿಗೆ ಹೋಗುವುದಕ್ಕಿಂತ ಇಂಥ ದಾರಿಯನ್ನು ವಿಚಾರಿಸುವುದು ಮೇಲು.

ನಾಲ್ಕನೆಯದು ಯಾವ ಅರ್ಜಿಯಲ್ಲಿಯೂ ಕಾಣದ ಕಾರಣ. ತನ್ನ ಕಾಲ ಮೇಲೆ ನಿಲ್ಲುವ ಮುನ್ನ ಮದುವೆಯ ಮಾತು ಬೇಡವೆಂಬ ಹುಡುಗಿ, ಜಾತಿಯ ಕಣ್ಣಿನಿಂದ ಅಳೆಯುವ ಊರಿನಿಂದ ದೂರ ಹೋಗಿ ಉಸಿರಾಡಬೇಕೆಂಬ ಹುಡುಗ, ಇವರು ಓದಿನ ನೆಪ ಹೇಳುತ್ತಾರೆ. ನೆಪದ ಹಿಂದಿನ ನೋವನ್ನು ಹಿರಿಯರು ಕೇಳಿಸಿಕೊಳ್ಳಬೇಕು. 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಅವರು ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಡಾಕ್ಟರೇಟ್ ಪಡೆದು 1953ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹಿಂದಿರುಗಿ, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎನಿಸಿ, ಹಲವು ತಲೆಮಾರಿನ ವಿದ್ಯಾರ್ಥಿಗಳನ್ನು ತಿದ್ದಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ಮೊಮ್ಮಗಳು ಹಡಗು ಹತ್ತಲು ಅಜ್ಜಿಯ ಓದು ಮೆಟ್ಟಿಲಾಯಿತು. ಮನೆಯಲ್ಲಿ ಮಾತಿಗೆ ಅವಕಾಶವಿದ್ದರೆ ಹೆಣ್ಣುಮಗಳು ಓಡಿಹೋಗುವಂತೆ ಹೋಗಬೇಕಾಗಿಲ್ಲ; ಹರಸಿಕೊಂಡು ಹೋಗಬಹುದು.

ಕೊನೆಯದು ಪಕ್ಕದ ಮನೆಯ ಮಗ ಹೋದನೆಂಬ ಕಾರಣ. ಇದು ಮಕ್ಕಳಿಗಿಂತ ಹೆಚ್ಚಾಗಿ ಹೆತ್ತವರದು. ಮದುವೆ ಮನೆಯಲ್ಲಿ ಹೇಳಿಕೊಳ್ಳಲು ಒಂದು ದೇಶದ ಹೆಸರು ಬೇಕೆಂಬ ಆಸೆಗೆ ಮನೆಪತ್ರವನ್ನು ಒತ್ತೆಯಿಡುವುದು ವಿವೇಕವಲ್ಲ. ಮಕ್ಕಳ ಕಾರಣ ಕೇಳುವ ಹಿರಿಯರು ತಮ್ಮ ಕಾರಣವನ್ನೂ ಮಕ್ಕಳ ಮುಂದೆ ಇಡಲಿ.

ಸಾಲದ ಲೆಕ್ಕ

ಕಾರಣ ಎಷ್ಟೇ ಗಟ್ಟಿಯಾಗಿದ್ದರೂ ಲೆಕ್ಕ ಲೆಕ್ಕವೇ. ಉದಾಹರಣೆಗೆ, ಎರಡು ವರ್ಷದ ವ್ಯಾಸಂಗಕ್ಕೆ ಶೇಕಡಾ 10ರ ಬಡ್ಡಿಯಲ್ಲಿ 30 ಲಕ್ಷ ರೂಪಾಯಿ ಸಾಲ ಪಡೆದರೆಂದು ಇಟ್ಟುಕೊಳ್ಳೋಣ. ವ್ಯಾಸಂಗದ ಎರಡು ವರ್ಷ, ಅನಂತರದ ಒಂದು ವರ್ಷ ಕಂತು ಕಟ್ಟದಿದ್ದರೆ ಸರಳ ಬಡ್ಡಿಯೇ 9 ಲಕ್ಷ ಸೇರಿ ಸಾಲ 39 ಲಕ್ಷವಾಗುತ್ತದೆ. ಅದನ್ನು 10 ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು 51,500 ರೂಪಾಯಿ ಕಂತು. 2025-26ನೆಯ ಹಂಗಾಮಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ ಕಬ್ಬಿನ ದರ, ಶೇಕಡಾ 10.25 ಇಳುವರಿಗೆ, ಟನ್ನಿಗೆ 3,550 ರೂಪಾಯಿ. ಅಂದರೆ ಒಂದು ತಿಂಗಳ ಕಂತಿಗೆ ಹದಿನಾಲ್ಕೂವರೆ ಟನ್ ಕಬ್ಬು, ವರ್ಷಕ್ಕೆ 174 ಟನ್. ಎಕರೆಗೆ 40 ಟನ್ ಬೆಳೆದರೂ ನಾಲ್ಕು ಎಕರೆಯ ಬೆಳೆ ಸಾಲದು. ಅದೂ ಕಟಾವು, ಸಾಗಾಣಿಕೆ, ಗೊಬ್ಬರದ ಖರ್ಚು ಕಳೆಯುವ ಮುನ್ನ. ಮಗನಿಗೆ ಅಲ್ಲಿ ಕೆಲಸ ಸಿಕ್ಕರೆ ಈ ಕಂತು ಭಾರವಾಗದು. ಸಿಗದಿದ್ದರೆ ಸಹ ಸಾಲಗಾರನಾಗಿ ಸಹಿ ಹಾಕಿದ ತಂದೆಯ ಹೆಗಲಿಗೇ ಅದು ಬರುತ್ತದೆ.

ರೈತ ಕುಟುಂಬಗಳಿಗೆ ಇನ್ನೊಂದು ತೊಡಕಿದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಏಳೂವರೆ ಲಕ್ಷ ರೂಪಾಯಿ ಮೀರಿದ ಸಾಲಕ್ಕೆ ಆಸ್ತಿಯ ಆಧಾರ ಬೇಕಾಗುತ್ತದೆ. 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲವಾದ್ದರಿಂದ ಪಹಣಿಯಲ್ಲಿ ಎಕರೆಗಳಿದ್ದರೂ ಅವನ್ನು ಆಧಾರವಾಗಿ ಸ್ವೀಕರಿಸಲು ಬ್ಯಾಂಕುಗಳು ಹಿಂಜರಿಯುತ್ತವೆ. ಹೀಗಾಗಿ ವಾಸದ ಮನೆಯೋ, ಇರುವ ಒಂದು ನಿವೇಶನವೋ ಪಣಕ್ಕೆ ಬೀಳುತ್ತದೆ. ಇಲ್ಲವೆ ಹೆಚ್ಚು ಬಡ್ಡಿಯ ಖಾಸಗಿ ಸಂಸ್ಥೆಗಳ ಬಾಗಿಲು ತಟ್ಟಬೇಕಾಗುತ್ತದೆ. ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಬಡ್ಡಿಯ ನೆರವು ಕೊಡುತ್ತಿದ್ದ ಕೇಂದ್ರದ ‘ಪಢೋ ಪರದೇಶ್’ ಯೋಜನೆ 2022-23ರಿಂದ ನಿಂತುಹೋಗಿದೆ. ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಸಾಲಸೌಲಭ್ಯವನ್ನು ಜಿಲ್ಲಾ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಫುಲ್‌ಬ್ರೈಟ್, ಕಾಮನ್‌ವೆಲ್ತ್, ಚೀವ್ನಿಂಗ್, ಜರ್ಮನಿಯ ಡಾಡ್ ಮುಂತಾದ ವಿದ್ಯಾರ್ಥಿವೇತನಗಳಿಗೆ ಒಂದು ವರ್ಷ ಮೊದಲೇ ಸಿದ್ಧತೆ ನಡೆಸಬೇಕು. ಒಂದು ವರ್ಷ ತಡವಾದರೆ ಮಾನ ಹೋಗುವುದಿಲ್ಲ, ಆದರೆ ಮನೆ ಉಳಿಯಬಹುದು.

ಪರರ ಆಜ್ಞೆಯ ಮೇಲೆ ನಿಂತ ಕಾರಣ

ಅಲ್ಲಿಯೇ ನೆಲೆಸುವುದೊಂದೇ ಗುರಿಯಾದಾಗ ಅದು ನಮ್ಮ ಕೈಯಲ್ಲಿ ಉಳಿಯುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಕೆನಡಾ ಸರ್ಕಾರ ವಿದ್ಯಾರ್ಥಿ ತನ್ನ ಜೀವನ ವೆಚ್ಚಕ್ಕೆ ತೋರಿಸಬೇಕಾದ ಹಣವನ್ನು 2024ರ ಜನವರಿಯಲ್ಲಿ 10,000 ಡಾಲರಿನಿಂದ 20,635 ಡಾಲರಿಗೆ ಏರಿಸಿತು. ಅದೇ ವರ್ಷ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹೇರಿತು. ಬ್ರಿಟನ್ 2024ರಿಂದ ಬೋಧನಾಪ್ರಧಾನ ಸ್ನಾತಕೋತ್ತರ ವಿದ್ಯಾರ್ಥಿಗಳು ಪತ್ನಿಯನ್ನಾಗಲಿ ಪತಿಯನ್ನಾಗಲಿ ಮಕ್ಕಳನ್ನಾಗಲಿ ಜೊತೆಗೆ ಕರೆತರುವುದನ್ನು ನಿಲ್ಲಿಸಿತು. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲವಾದರೂ ಜೀವನ ವೆಚ್ಚಕ್ಕೆಂದು ವರ್ಷಕ್ಕೆ 11,904 ಯೂರೋ ಠೇವಣಿಯನ್ನು 2024ರ ಸೆಪ್ಟೆಂಬರಿನಿಂದ ತೋರಿಸಬೇಕಾಯಿತು. ಒಂದು ದೇಶದ ಚುನಾವಣೆ, ಒಬ್ಬ ಮಂತ್ರಿಯ ಆಜ್ಞೆ ನಮ್ಮ ಹುಡುಗನ ಯೋಜನೆಯನ್ನು ನಡುದಾರಿಯಲ್ಲಿ ಕೆಡಿಸಬಲ್ಲದು. ಕಲಿಯಲೆಂದು ಹೋದವನಿಗೆ ವೀಸಾ ಮುಗಿದರೂ ವಿದ್ಯೆ ಉಳಿಯುತ್ತದೆ. ನೆಲೆಸಲೆಂದೇ ಹೋದವನಿಗೆ ಏನು ಉಳಿಯುತ್ತದೆ? ಈ ಪ್ರಶ್ನೆಯನ್ನು ವಿಮಾನ ಏರುವ ಮುನ್ನವೇ ಕೇಳಿಕೊಳ್ಳಬೇಕು.

ಹಿಂದಿರುಗುವುದು ಸೋಲೆಂಬ ಭಾವನೆಯನ್ನು ಮೊದಲು ನಾವು ಬಿಡಬೇಕು. ಹೊರನಾಡಿನಿಂದ ಮರಳಿದ ತರುಣನನ್ನು ‘ಏಕೆ ಬಂದೆ, ಅಲ್ಲಿ ಆಗಲಿಲ್ಲವೇ?’ ಎಂದು ಕೇಳುವ ಊರು ತನ್ನ ಮಕ್ಕಳನ್ನು ತಾನೇ ದೂರ ಮಾಡಿಕೊಳ್ಳುತ್ತದೆ. ಈ ಪ್ರಶ್ನೆಗೆ ಹೆದರಿ, ಕಲಿತ ವಿದ್ಯೆಗೆ ಸಂಬಂಧವೇ ಇಲ್ಲದ ಕೆಲಸ ಮಾಡುತ್ತ ಅಲ್ಲಿಯೇ ಉಳಿಯುವವರಿದ್ದಾರೆ. ಬಂದವರನ್ನು ಆದರದಿಂದ ಬರಮಾಡಿಕೊಳ್ಳುವುದೂ ಕಳುಹಿಸಿಕೊಡುವಷ್ಟೇ ದೊಡ್ಡ ಹೊಣೆ.

ಮಾಡಬಹುದಾದದ್ದು

ಅರ್ಜಿ ತುಂಬುವ ಮುನ್ನ ವಿದ್ಯಾರ್ಥಿ ಒಂದು ಹಾಳೆಯಲ್ಲಿ, ತನ್ನ ಕೈಯಾರೆ, ಕನ್ನಡದಲ್ಲಿ ತನ್ನ ಕಾರಣ ಬರೆಯಲಿ. ಏನು ಕಲಿಯಬೇಕು, ಅದು ಇಲ್ಲಿ ಏಕೆ ಆಗದು, ಒಟ್ಟು ಖರ್ಚೆಷ್ಟು, ಕೆಲಸ ಸಿಗದಿದ್ದರೆ ಕಂತು ಕಟ್ಟುವವರು ಯಾರು, ಮರಳಬೇಕಾದರೆ ಮುಂದೇನು, ತಾಯಿತಂದೆಗಳು ಹಾಸಿಗೆ ಹಿಡಿದರೆ ನೋಡಿಕೊಳ್ಳುವವರು ಯಾರು ಎಂಬ ಆರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಲಿ. ಅದನ್ನು ಮನೆಯವರೆಲ್ಲ ಕುಳಿತಿರುವಾಗ ಗಟ್ಟಿಯಾಗಿ ಓದಲಿ. ಅಜ್ಜಿಯೂ ಒಂದು ಪ್ರಶ್ನೆ ಕೇಳಲಿ. ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಕಾರಣವನ್ನು ಇಂಗ್ಲಿಷಿಗೆ ತಿರುಗಿಸುವುದು ಕಷ್ಟವಲ್ಲ. ಇದರಲ್ಲಿ ನಿಲ್ಲದ ಕಾರಣಕ್ಕೆ ಇಂಗ್ಲಿಷಿನ ಅಲಂಕಾರ ಮಾಡಿದರೂ ಪ್ರಯೋಜನವಿಲ್ಲ.

ದಳ್ಳಾಳಿಗಳ ಮಾತನ್ನು ಕೇಳುವಾಗ, ಅವರಲ್ಲಿ ಹಲವರಿಗೆ ವಿದೇಶಿ ಸಂಸ್ಥೆಗಳೇ ತಲೆಗಿಷ್ಟೆಂದು ಹಣ ಕೊಡುತ್ತವೆಂಬುದು ನೆನಪಿರಲಿ. ಅವರು ಹೇಳಿದ್ದನ್ನು ವಿಶ್ವವಿದ್ಯಾಲಯಕ್ಕೆ ನೇರವಾಗಿ ಬರೆದು ಖಚಿತಪಡಿಸಿಕೊಳ್ಳಬೇಕು. ನಮ್ಮ ಧರ್ಮಕೇಂದ್ರಗಳ ಸಭಾಂಗಣಗಳಲ್ಲಿ ವರ್ಷಕ್ಕೊಮ್ಮೆಯಾದರೂ ಬ್ಯಾಂಕಿನವರನ್ನು, ಹೊರಗೆ ಓದಿ ಬಂದವರನ್ನು, ಓದಲು ಹೋಗಿ ಕಷ್ಟಪಟ್ಟವರನ್ನು ಒಟ್ಟಿಗೆ ಕೂರಿಸಿ ಮಾತನಾಡಿಸುವ ಏರ್ಪಾಡಾಗಲಿ. ಎಲ್ಲ ಮತದ ಮಕ್ಕಳಿಗೂ ಅಲ್ಲಿ ಬಾಗಿಲು ತೆರೆದಿರಲಿ. ಸಾಲವೂ ವೀಸಾ ನಿಯಮವೂ ಯಾರ ಮತವನ್ನೂ ಕೇಳುವುದಿಲ್ಲ.

ನಮ್ಮ ಮಕ್ಕಳು ಹೋಗಲಿ, ನೋಡಲಿ, ಕಲಿಯಲಿ. ಚಿನ್ನಾಮಿ ಮತ್ತು ದುಬೊಯ್ ಅವರಿಗೆ ತಾವು ಶ್ರೀರಂಗಪಟ್ಟಣಕ್ಕೆ ಏಕೆ ಹೊರಟೆವೆಂಬುದನ್ನು ತಮ್ಮವರಿಗೆ ತಮ್ಮದೇ ಮಾತಿನಲ್ಲಿ ಹೇಳಲು ಬರುತ್ತಿತ್ತು. ಶ್ರೀರಂಗಪಟ್ಟಣದಿಂದ ಹೊರಡುವ ನಮ್ಮ ಮಕ್ಕಳಿಗೂ ಅಷ್ಟು ಬಂದರೆ ಸಾಕು.